ಬಾಗಿಲಿಗೆ ಬಿಟ್ಟ ಸಂದು

ಫೆಬ್ರವರಿ ೯, ಭಾನುವಾರ

ಪ್ರೀತಿಯ ಅಣ್ಣ,

ತಮ್ಮನ ನಮಸ್ಕಾರ. ನೀನು ಕಳಿಸಿದ ಪಾರ್ಸೆಲ್ ಕೈಸೇರಿ ಹನ್ನೊಂದು ದಿನವಾಯಿತು. ತಲುಪಿತು ಎಂದು ಎರಡು ಸಾಲು ಗೀಚಲೂ ಆಗಲಿಲ್ಲವೇ ಇವನಿಗೆ ಎಂದು ಅತ್ತಿಗೆಯ ಮುಂದೆ ಗೊಣಗಿರುತ್ತೀಯ, ನನಗೆ ಗೊತ್ತು. ದಿನಾ ಬರೆಯಲು ಕೂರುತ್ತಿದ್ದೆ, ಏಳುತ್ತಿದ್ದೆ. ಚಳಿಗೆ ಬೆರಳು ಮಡಚುವುದಿಲ್ಲ ಎಂದು ನೆಪ ಹೇಳಬಹುದು. ಹೇಳಿದ್ದೇನೆ ಎಂದೇ ಇಟ್ಟುಕೋ. ನಾನು ಕೇಳಿದ್ದ ಅರ್ಧ ಅಂಗುಲದ ಉಳಿ ಅದರಲ್ಲಿತ್ತು. ಮಸೆದೇ ಕಳಿಸಿದ್ದೀಯ, ಉಪಕಾರವಾಯಿತು.

ಈ ಉತ್ತರದ ಊರಿಗೆ ಬಂದು ಮುಂದಿನ ತಿಂಗಳಿಗೆ ಎರಡು ವರ್ಷ. "ಒಂದು ಮರಗೆಲಸದ ಅಂಗಡಿ ಎರಡು ಸಂಸಾರ ತಡೆಯೋದಿಲ್ಲ ಕಣೋ. ನೀನು ಎರಡು ವರ್ಷ ಹೋಗಿ ಬಾ, ನಿನ್ನ ಬೆಂಚು ನಿನಗೇ ಇರುತ್ತೆ" ಎಂದಿದ್ದೆ ನೀನು. ಆ ಮಾತು ಹಿಡಿದುಕೊಂಡೇ ಒಂದೊಂದು ತಿಂಗಳನ್ನೂ ದಾಟಿದ್ದೇನೆ.

ಇರುವುದು ಒಂದೇ ಕೋಣೆ, ಮೂರನೇ ಮಹಡಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮನೆಯೊಡತಿ ಬೀಗದ ಕೈ ಕೊಡುವಾಗಲೇ ಹೇಳಿದಳು, "ಗೋಡೆಗೆ ಒಂದು ಮೊಳೆ ಹೊಡೆದರೂ ಖಾಲಿ ಮಾಡಿಸ್ತೀನಿ." ಬಡಗಿಗೆ ಹೇಳುವ ಮಾತೇ ಅದು? ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕುತ್ತೇನೆ. ಹೀಟರ್ ಉರಿದು ಉರಿದು ಗಾಳಿಯೆಲ್ಲ ಒಣಗಿ ತುಟಿ ಒಡೆಯುತ್ತದೆ. ಒಗೆದ ಬಟ್ಟೆ ಗಂಟೆಯೊಳಗೆ ಒಣಗುತ್ತದೆ, ಈ ಊರಿನಲ್ಲಿ ಅದೊಂದೇ ಸುಖ ಎನ್ನುತ್ತಾಳೆ ನನ್ನ ಹೆಂಡತಿ.

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟ ಒಂದು ವಿಷಯ ಹೇಳುತ್ತೇನೆ. ಮೊದಲ ವರ್ಷ ಒಂದೇ ಕಟ್ಟಡಕ್ಕೆ ಇಪ್ಪತ್ತಾರು ಬಾಗಿಲು ಮಾಡಿ ಕೂರಿಸಿದೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ ಎಂದು ಅಪ್ಪ ಹೇಳಿಕೊಟ್ಟ ಹಾಗೆ ಕದಕ್ಕೂ ಚೌಕಟ್ಟಿಗೂ ನಡುವೆ ನಾಣ್ಯ ತೂರುವಷ್ಟು ಸಂದು ಬಿಟ್ಟೆ. ಇಲ್ಲಿ ಅಂಥ ಮಳೆಯೆಲ್ಲಿ ಬರಬೇಕು? ಚಳಿ ಬಂತು. ಮನೆಮನೆಯಲ್ಲೂ ಹೀಟರ್ ಹಚ್ಚಿದರು. ಉಬ್ಬಬೇಕಾದ ಮರ ಒಣಗಿ ಕುಗ್ಗಿತು. ಡಿಸೆಂಬರ್ ಹೊತ್ತಿಗೆ ಇಪ್ಪತ್ತಾರು ಬಾಗಿಲಿನ ಸಂದಿನಲ್ಲೂ ಕಿರುಬೆರಳು ಹೋಗುತ್ತಿತ್ತು. ಒಬ್ಬ ಅಜ್ಜಿ ಹಳೇ ಸ್ವೆಟರ್ ಹರಿದು ಸಂದಿಗೆ ತುರುಕಿಕೊಂಡು ಕೂತಿದ್ದಳು. "ಬಾಗಿಲು ಹಾಕಿಕೊಂಡೇ ಎದುರು ಮನೆ ಜಗಳ ನೋಡಬಹುದು, ಒಳ್ಳೇ ಕೆಲಸ ಮಾಡಿದ್ದೀಯಪ್ಪ" ಎಂದಳು. ಮೇಸ್ತ್ರಿ ಎಲ್ಲರ ಮುಂದೆ, "ನಿಮ್ಮ ಕಡೆ ಇದಕ್ಕೆ ಬಾಗಿಲು ಅಂತಾರೋ, ಕಿಟಕಿ ಅಂತಾರೋ?" ಎಂದು ಕೇಳಿದ. ಅವತ್ತಿನಿಂದ ಇಲ್ಲಿ ನನ್ನ ಹೆಸರು ಕಿಂಡಿ. ಇಪ್ಪತ್ತೈದು ವರ್ಷ ಮರ ಕೆತ್ತಿದವನು ಮುಖ ಎಲ್ಲಿಟ್ಟುಕೊಳ್ಳಲಿ? ರಜೆಯ ದಿನಗಳಲ್ಲಿ ಹೋಗಿ ಇಪ್ಪತ್ತಾರಕ್ಕೂ ಪಟ್ಟಿ ಬಡಿದು ಬಂದೆ.

ಈಗ ಕಲಿತಿದ್ದೇನೆ. ಕಾಗದ ತೂರದ ಹಾಗೆ ಬಿಗಿಯಾಗಿ ಕೂರಿಸುತ್ತೇನೆ, ಮೇಸ್ತ್ರಿ ಬೆನ್ನು ತಟ್ಟುತ್ತಾನೆ. ಇದೇ ಕೈಯಿಂದ ನಮ್ಮೂರಲ್ಲಿ ಒಂದು ಬಾಗಿಲು ಮಾಡಿದರೆ ಮೊದಲ ಮಳೆಗೇ ಕಚ್ಚಿಕೊಂಡು ನಿಲ್ಲುತ್ತದೆ. ವಾಪಸು ಬಂದ ಮೇಲೆ ಒಂದು ತಿಂಗಳು ನಿನ್ನ ಪಕ್ಕದಲ್ಲಿ ನಿಂತರೆ ಕೈ ಸರಿಹೋಗುತ್ತದೆ ಎಂದುಕೊಂಡಿದ್ದೆ.

ನಿನ್ನ ಮಗಳ ಗಂಡ ಅಂಗಡಿಗೆ ಬರುತ್ತಿದ್ದಾನಂತೆ, ನಮ್ಮ ಅಕ್ಕ ಫೋನಿನಲ್ಲಿ ಹೇಳಿದಳು. "ಬರಲಿ ಬಿಡು, ಕೆಲಸ ಕಲೀಲಿ" ಎಂದೆ. ಅವನು ಯಾವ ಬೆಂಚಿನ ಮುಂದೆ ನಿಲ್ಲುತ್ತಾನೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅತ್ತಿಗೆಗೆ ನಮ್ಮಿಬ್ಬರ ನಮಸ್ಕಾರ. ಮಗಳಿಗೂ ಅಳಿಯನಿಗೂ ಆಶೀರ್ವಾದ. ಅವರ ಮನೆ ತುಂಬಿರಲಿ, ಅವನ ಹತ್ತು ಬೆರಳೂ ನೆಟ್ಟಗಿರಲಿ. ಗರಗಸದ ಹತ್ತಿರ ಹುಷಾರಾಗಿರಲು ಹೇಳು. ನಿನ್ನ ಮಂಡಿ ನೋಡಿಕೋ.

ನಿನ್ನ ತಮ್ಮ

ತಾ.ಕ.: ಪಾರ್ಸೆಲನ್ನು ಮೂರು ಮಹಡಿ ಹೊತ್ತು ತಂದಾಗ ಇವಳು ಕೇಳಿದಳು, "ಒಂದು ಉಳಿ ಇಷ್ಟು ಭಾರ ಇರುತ್ತಾ?" ನಾನು ಕೇಳಿದ್ದು ಒಂದೇ ಉಳಿ, ಅಣ್ಣ. ನೀನು ನನ್ನ ಗರಗಸ, ಉಜ್ಜುಗೊರಡು, ಅಪ್ಪ ನನಗೆ ಕೊಟ್ಟ ಸುತ್ತಿಗೆ, ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪೆನ್ಸಿಲ್ ತುಂಡು, ಎಲ್ಲವನ್ನೂ ಎಣ್ಣೆ ಹಚ್ಚಿ, ಒರೆಸಿ, ಕಾಗದ ಸುತ್ತಿ ಕಳಿಸಿದ್ದೀಯ. ವಾಪಸು ಬರುತ್ತೇನಲ್ಲ ಎಂದೇ ಅವನ್ನು ಬೆಂಚಿನ ಮೇಲೆ ಬಿಟ್ಟು ಬಂದಿದ್ದೆ. ಬರಬೇಡ ಎಂದು ಒಂದು ಸಾಲು ಬರೆದಿದ್ದರೆ ನಿನಗೆ ಇಷ್ಟೆಲ್ಲ ಕಟ್ಟುವ ಶ್ರಮ ತಪ್ಪುತ್ತಿತ್ತು. ತಳದಲ್ಲೊಂದು ಚಿಕ್ಕ ಪೊಟ್ಟಣವಿತ್ತು. ಬಿಚ್ಚಿದರೆ, ನನ್ನ ಬೆಂಚಿನ ಹಿಂದಿನ ಗೋಡೆಯಲ್ಲಿ ನಾನು ಅಂಗಿ ತೂಗುಹಾಕುತ್ತಿದ್ದ ಮೊಳೆ. ಇನ್ನೊಬ್ಬರದು ಏನನ್ನೂ ಇಟ್ಟುಕೊಳ್ಳುವವನಲ್ಲ ನೀನು, ಆ ನಿಯತ್ತು ನನಗೆ ಗೊತ್ತು. ಆದರೂ ಅದೊಂದು ಗೋಡೆಯಲ್ಲಿದ್ದಿದ್ದರೆ ಅಳಿಯನಿಗೆ ಏನು ಅಡ್ಡವಾಗುತ್ತಿತ್ತು? ಹನ್ನೊಂದು ದಿನದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಇಲ್ಲಿ ಹೊಡೆಯಲು ಗೋಡೆಯಿಲ್ಲ.