ನನ್ನ ದನಿಗೂ ರಜೆ ಕೊಡಿ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರಗಳು.

ನಿಮ್ಮ ಕಂಪನಿಯ ಫೋನಿನಲ್ಲಿ ಕೇಳಿಬರುವ ಹೆಣ್ಣುದನಿ ನನ್ನದು. ತಿಂಗಳು ತಿಂಗಳು ಬಂದು ಹೊಸ ಸಾಲುಗಳನ್ನು ರೆಕಾರ್ಡ್ ಮಾಡಿಕೊಡುವವಳು ನಾನೇ. ಗುತ್ತಿಗೆಯ ಮೇಲೆ ದುಡಿಯುವ ನಮ್ಮಂಥವರೆಲ್ಲ ಈ ಸಲ ಸಂಬಳವಿಲ್ಲದೆ ಕಡ್ಡಾಯವಾಗಿ ವಿಶ್ರಾಂತಿ ಪಡೆಯಬೇಕೆಂಬ ನಿಮ್ಮ ಪತ್ರ ತಲುಪಿತು. ನನಗೆ ಆಯಾಸವೇನೂ ಆಗಿರಲಿಲ್ಲ. ಆದರೂ ನಿಮ್ಮ ಕಾಳಜಿ ದೊಡ್ಡದು.

ವಿಚಾರಿಸೋಣವೆಂದು ನಿನ್ನೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಎತ್ತಿದವಳು ನಾನೇ! "ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ" ಎಂದೆ. ಎಷ್ಟು ಅಕ್ಕರೆಯಿಂದ ಹೇಳಿದ್ದೆನೆಂದರೆ, ನಾನೇ ನಂಬಿ, ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಕಾದೆ.

ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮತ್ತೆ, "ಎಷ್ಟು ನಯವಾಗಿ ಮಾತಾಡ್ತಾಳಮ್ಮಾ! ಅವಳನ್ನ ನೋಡಿ ಸ್ವಲ್ಪ ಕಲಿತ್ಕೋ" ಎಂದರು. ನಾನು ತುಟಿಪಿಟಕ್ಕೆನ್ನಲಿಲ್ಲ. ರಜೆಯಲ್ಲಿದ್ದೇನಲ್ಲ!

ಆದ್ದರಿಂದ ನನಗೆ ರಜೆಯಾದರೆ ನನ್ನ ದನಿಗೂ ರಜೆ ಕೊಡಿ, ಇಲ್ಲವೇ ನನ್ನನ್ನೂ ಕೆಲಸಕ್ಕೆ ಕರೆಯಿರಿ. ಉತ್ತರವನ್ನು ಫೋನ್ ಮಾಡಿಯೇ ತಿಳಿಸಿ. ಇಲ್ಲೂ ಎತ್ತುವವಳು ನಾನೇ. ಆದರೆ ನಯವಾದ ದನಿ ನಿಮ್ಮ ಆಫೀಸಿನಲ್ಲೇ ಉಳಿದಿದೆ, ಮನೆಯಲ್ಲಿರುವುದು ಇನ್ನೊಂದು.

ಇತಿ,
ವಿಶ್ರಾಂತಿಯಿಂದ ಸುಸ್ತಾಗಿರುವ
ನಿಮ್ಮ ಫೋನಿನ ಹೆಂಗಸು