ಎಡಗಡೆಯ ಕಿಟಕಿ

ಅಂಗಡಿಯ ಹಿಂದಿನ ಕೋಣೆಯಿಂದ
ಜೂನ್ ಒಂಬತ್ತು, ಭಾನುವಾರ

ಪ್ರೀತಿಯ ಗುಬ್ಬಿಗೆ,

ಒಟ್ಟು ಮೂವತ್ತೊಂದು ಸಾವಿರದ ನಾನೂರು ಆಯಿತು. ರೈಲಿಗೆ ಹನ್ನೊಂದು ಸಾವಿರ, ಕೋಟೆಯ ಊರಿನ ಹೋಟೆಲಿಗೆ ಎಂಟು, ಕಡಲತೀರದ ಲಾಡ್ಜಿಗೆ ಒಂಬತ್ತು. ಉಳಿದದ್ದು ಟೀ, ಆಟೊ, ಗೈಡು, ಮತ್ತು ನೀನು ಚೌಕಾಸಿ ಮಾಡಿ ಕೊಂಡು ರೈಲಿನಲ್ಲೇ ಬಿಟ್ಟುಬಂದ ಹುಲ್ಲಿನ ಟೋಪಿ. ನಿನ್ನ ಪಾಲು ಕೇಳುವುದಿಲ್ಲ. ಎಷ್ಟು ಹೋಯಿತೆಂದು ನಿನಗೆ ಗೊತ್ತಿರಲಿ, ಅಷ್ಟೇ.

ನೀನು ಕ್ಷೇಮವೆಂದು ನಂಬಿದ್ದೇನೆ. ಮೂರು ವಾರದಿಂದ ನಿನ್ನ ಫೋನು ಎತ್ತಿಲ್ಲ, ಅದಕ್ಕೆ ಕ್ಷಮೆಯಿರಲಿ. ಶಾಲೆ ತೆರೆಯುವ ಹೊತ್ತು, ಹೊಲಿಯಬೇಕಾದ ಯೂನಿಫಾರ್ಮಿನ ರಾಶಿ ಬಾಗಿಲ ತನಕ ಬಂದಿದೆ, ಅಕ್ಕನಿಗೆ ಉಸಿರಾಡಲು ಪುರುಸೊತ್ತಿಲ್ಲ ಎಂದು ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವಳ ಕೈಲಿ ಹೇಳಿಸಿದೆ. ಸುಳ್ಳಲ್ಲ. ಆದರೆ ಕಾರಣ ಅದಲ್ಲ. ಕೋಪ ಬಂದಿತ್ತು. ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಇದ್ದ ಹಾಗೇ ಬರೆಯುತ್ತಿದ್ದೇನೆ.

ಏಳನೇ ತರಗತಿಯಲ್ಲಿ ಶಾಲೆಯವರು ಸಮುದ್ರಕ್ಕೆ ಪ್ರವಾಸ ಹೊರಟಾಗ ದುಡ್ಡು ಕಟ್ಟಲಾಗದವರು ನಾವಿಬ್ಬರೇ. ಗೇಟಿನ ಹತ್ತಿರ ನಿಂತು ಬಸ್ಸು ತಿರುವು ದಾಟುವ ತನಕ ಕೈ ಬೀಸಿದೆವು. ನೀನು ಕಣ್ಣೊರೆಸಿಕೊಂಡು, "ನೋಡಿದ್ರೆ ಇಬ್ರೂ ಒಟ್ಟಿಗೇ ನೋಡೋಣ ಕಣೇ, ಒಬ್ಬೊಬ್ರೇ ಬೇಡ" ಎಂದೆ. ನಾನು ಹೂಂ ಅಂದೆ. ಮಾತು ಕೊಟ್ಟರೆ ಅಳತೆ ಕೊಟ್ಟ ಹಾಗೆ, ಆಮೇಲೆ ಬಟ್ಟೆ ಎಳೆದರೆ ಹಿಗ್ಗುವುದಿಲ್ಲ. ನೂಲಿನ ಕಂಪನಿಯವರು ವ್ಯಾಪಾರಿಗಳನ್ನು ಎರಡು ಸಲ ಬಿಟ್ಟಿಯಾಗಿ ಕಡಲತೀರಕ್ಕೆ ಕರೆದೊಯ್ದರು. ಬಿಟ್ಟಿ ಸಿಕ್ಕರೆ ಸೂಜಿಯನ್ನೂ ಬಿಡದವಳು ನಾನು, ಎರಡು ಸಲವೂ ಒಲ್ಲೆ ಅಂದೆ. "ಏನಮ್ಮಾ, ಸಮುದ್ರಕ್ಕೂ ನಿಮಗೂ ಜಗಳಾನಾ?" ಎಂದು ಏಜೆಂಟ್ ನಕ್ಕ. "ಜಗಳ ಅಲ್ಲ, ಜೊತೆಗಾತಿ ಬರಬೇಕು" ಎಂದೆ. ನಿನಗಾಗಿ ಕಾಯುತ್ತಿದ್ದೇನೆ ಅನ್ನುವುದೇ ನನಗೊಂದು ಜಂಬ.

ಹೋದ ವರ್ಷ ನಿನ್ನ ಯಜಮಾನರು ತೀರಿಕೊಂಡರು. ನೀನು ಮಂಕಾಗಿ ಕೂತಿದ್ದೆ. ಆಗಲೇ ಎರಡು ತೀರ್ಮಾನ ಮಾಡಿದೆವು: ರೈಲಿನಲ್ಲಿ ನಿಧಾನವಾಗಿ ಹೋಗಿ ಸಮುದ್ರ ನೋಡಿ ಬರುವುದು. ಬಂದ ಮೇಲೆ ನನ್ನ ಅಂಗಡಿಯ ಮೇಲಿನ ಮನೆಗೆ ನೀನು ಬಂದುಬಿಡುವುದು. ಗಂಡ ಮಕ್ಕಳ ತಾಪತ್ರಯ ಇಲ್ಲದವಳು ನಾನು, ಈಗ ನೀನೂ ಒಂಟಿ. ನೀನು ಹೇಳಿದ ಬಣ್ಣವನ್ನೇ ಗೋಡೆಗೆ ಬಳಿಸಿದೆ. ನಿನ್ನ ಎರಡು ಪೆಟ್ಟಿಗೆಗಳೂ ಬಂದವು.

ಕೋಟೆಯ ಊರು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆ ದಪ್ಪ ಗೋಡೆಗಳು, ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಓಣಿಗಳು. ಗೈಡು ಬಾಯಿಪಾಠ ಒಪ್ಪಿಸಿ ಕಾವಲು ಗೋಪುರ ಹತ್ತಿ ಅಂದ. ನೀನು ಥಟ್ಟನೆ, "ಬೇಡ ಕಣೇ, ಮಂಡಿ ನೋವು ಬರತ್ತೆ. ಮೇಲೆ ಪಾರಿವಾಳದ ಗಲೀಜು ಬಿಟ್ರೆ ಏನಿದೆ" ಎಂದೆ. ಗೈಡು ನಿನ್ನನ್ನೇ ನೋಡಿದ. ನಾನು ನೋಡಲಿಲ್ಲ. ಮೀಟರಿಗೆ ಅರ್ಧ ಬೆರಳು ಕಡಿಮೆ ಬಂದರೆ ಹಿಡಿಯುವವಳು, ನಿನ್ನ ವಿಷಯದಲ್ಲಿ ಟೇಪು ತೆಗೆಯುತ್ತಲೇ ಇರಲಿಲ್ಲ.

ಮರುದಿನದ ರೈಲಿನಲ್ಲಿ ಬಲಗಡೆಯ ಸೀಟಿನಲ್ಲಿದ್ದ ನನ್ನನ್ನು ನೀನು ಎಬ್ಬಿಸಿದೆ. "ಎಡಗಡೆ ಕಿಟಕಿಗೆ ಬಾ, ಬಲಗಡೆ ಬಿಸಿಲು." ಬಿಸಿಲು ಇದ್ದದ್ದು ಎಡಗಡೆಯೇ. ಸುರಂಗ ದಾಟಿತು, ಬೆಳಕು ಬಂತು, ನೀನು ಬಾಯಿಗೆ ಕೈ ಹಿಡಿದು, "ಅಯ್ಯೋ, ಇಷ್ಟು ದೊಡ್ಡದಾ ಕಣೇ" ಎಂದೆ. ಗುಬ್ಬಿ, ಆ ಗಳಿಗೆಯಲ್ಲಿ ನಾನು ಸಮುದ್ರ ನೋಡಲಿಲ್ಲ. ನಿನ್ನ ಮುಖ ನೋಡುತ್ತಿದ್ದೆ. ಗೇಟಿನ ಹತ್ತಿರ ಅತ್ತಿದ್ದ ಹುಡುಗಿ ಕೊನೆಗೂ ನೋಡಿದಳಲ್ಲ ಎಂದು ನನ್ನ ಕಣ್ಣು ತುಂಬಿತ್ತು. ಒರೆಸಿಕೊಂಡು ತಿರುಗುವಷ್ಟರಲ್ಲಿ ಗುಡ್ಡ ಅಡ್ಡ ಬಂತು.

ಲಾಡ್ಜಿನಾಕೆ ಕೀಲಿ ಹಿಡಿದು ಎದುರು ಬಂದಳು. "ಬನ್ನಿ ಅಮ್ಮಾ. ಹೋದ ಸಲ ಇಷ್ಟಪಟ್ರಲ್ಲ, ಅದೇ ಮೂಲೆ ರೂಮು ಇಟ್ಟಿದೀನಿ."

"ನಾನಲ್ಲ, ಬೇರೆ ಯಾರೋ ಇರ್ಬೇಕು" ಎಂದೆ ನೀನು.

"ನೀವೇ. ಮೂರು ವರ್ಷ ಆಯ್ತು, ಶಾಲೆ ರಜ ಶುರುವಾದ ವಾರ, ನಾವಾಗ ಮೇಲ್ಗಡೆ ಮಹಡಿ ಕಟ್ಟಿಸ್ತಿದ್ವಿ. ಸದ್ದು ಜಾಸ್ತಿ ಅಂತ ನಿಮ್ಮನೆಯವ್ರು ಮೇಸ್ತ್ರಿಗೇ ಟೀ ಕುಡಿಸಿ ಕೂರಿಸಿಬಿಟ್ರಲ್ಲ. ಎಲ್ಲಿ, ಈ ಸಲ ಅವರು ಬರ್ಲಿಲ್ವಾ?"

ನಿನ್ನ ಕಣ್ಣಿಂದ ನೀರು ಇಳಿಯಿತು. ಬಾಯಿ ಅಲ್ಲ ಅಂದದ್ದನ್ನು ಕಣ್ಣು ಹೌದು ಅಂದುಬಿಟ್ಟಿತು. ಗಂಡನನ್ನು ನೆನೆದು ಅಳುವವಳ ಹತ್ತಿರ ಯಾವ ಬಾಯಲ್ಲಿ ಜಗಳ ಆಡಲಿ? ಚೀಲ ಎತ್ತಿಕೊಂಡು ನಿನ್ನ ಹಿಂದೆ ಮೂಲೆ ರೂಮಿಗೆ ನಡೆದೆ.

ಸಂಜೆ ಮರಳಿನ ಮೇಲೆ ನೀನೇ ಬಾಯಿ ಬಿಟ್ಟೆ. "ಹೇಳೋಣ ಅಂತಾನೇ ಇದ್ದೆ ಕಣೇ. ಅವರು ಇದ್ದಕ್ಕಿದ್ದ ಹಾಗೆ ಟಿಕೆಟ್ ತಂದ್ರು, ಹೇಗೆ ಬೇಡ ಅನ್ಲಿ? ನಿಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

"ಆಯ್ತು ಬಿಡು" ಅಂದೆ. ನನ್ನ ಬಾಯಿಂದ ಎರಡೇ ಪದ ಬಂದರೆ ಗಂಟಲಲ್ಲಿ ಇನ್ನೂರು ನಿಂತಿವೆ ಎಂದು ನಿನಗೆ ತಿಳಿಯಬೇಕಿತ್ತು. ನೀನು ಹಗುರಾಗಿ ಕಪ್ಪೆಚಿಪ್ಪು ಆಯಲು ಹೋದೆ.

ಗಂಡನ ಜೊತೆ ಹೋದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಕರೆದಾಗ ಹೋದೆ, ಇಂದು ಅವರಿಲ್ಲ, ಹೋದದ್ದೇ ಒಳ್ಳೆಯದಾಯಿತು. ಬಂದವಳು "ಹೋಗಿಬಂದೆ ಕಣೇ" ಅಂದಿದ್ದರೆ ಒಂದು ದಿನ ಮುಖ ಊದಿಸಿಕೊಂಡು, ಮರುದಿನ ಎಷ್ಟು ಖರ್ಚಾಯಿತು ಎಂದು ಕೇಳುತ್ತಿದ್ದೆ. ಆದರೆ ಆ ಬಾಯಿಗೆ ಕೈ ಹಿಡಿದದ್ದು ಇದೆಯಲ್ಲ, ಅದನ್ನು ಯಾವ ಖಾತೆಗೆ ಬರೆಯಲಿ? ನನ್ನ ಎದುರೇ, ನನ್ನ ಕಣ್ಣೀರಿನ ಎದುರೇ, ನೋಡಿದ್ದನ್ನು ನೋಡದವಳ ಹಾಗೆ ಆಡಿ ತೋರಿಸಿದೆ.

ನಿನ್ನ ಪೆಟ್ಟಿಗೆಗಳು ನಾಳೆ ವ್ಯಾನಿನಲ್ಲಿ ಬರುತ್ತವೆ. ಬಾಡಿಗೆ ಕೊಟ್ಟಾಗಿದೆ, ಡ್ರೈವರು ಕೇಳಿದರೆ ಮತ್ತೆ ಕೊಡಬೇಡ. ಮೇಲಿನ ಮನೆಯನ್ನು ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳಿಗೆ ಬಾಡಿಗೆಗೆ ಕೊಡಲು ಮಾತಾಡಿದ್ದೇನೆ. ಇಷ್ಟಕ್ಕೇ ಮನೆ ಇಲ್ಲ ಅಂತೀಯಾ ಎಂದು ನೀನು ಕೇಳುತ್ತೀ. ಇಷ್ಟಕ್ಕೇ ಅಲ್ಲ.

ಮಾತ್ರೆ ತಪ್ಪಿಸಬೇಡ. ಮಗಳ ಮನೆಗೆ ಹೋದರೆ ಅಳಿಯನ ಎದುರು ಅಡುಗೆಯ ತಪ್ಪು ಎತ್ತಿ ಆಡಬೇಡ. ದೇವರು ನಿನಗೆ ಆಯುಸ್ಸು ಕೊಡಲಿ, ನೆರೆಹೊರೆ ಒಳ್ಳೆಯದು ಸಿಗಲಿ. ಸಿಟ್ಟಿನಲ್ಲೂ ನಿನಗೆ ಕೆಟ್ಟದ್ದು ಬಯಸಲು ಬರುತ್ತಿಲ್ಲ, ಅದಕ್ಕೂ ಸಿಟ್ಟು.

ಇಂತಿ,
ನನ್ನ ನಾಲಗೆಗೆ ನೀನೇ ಇಟ್ಟ ಹೆಸರಿನವಳು,
ಕತ್ತರಿ

ತಾ.ಕ.: ಮೂರು ವರ್ಷದ ಕೆಳಗೆ, ಶಾಲೆಗೆ ರಜ ಶುರುವಾದ ವಾರ ನನ್ನ ಹೊಟ್ಟೆಯ ಆಪರೇಷನ್ ಆಯಿತು. ಗಡ್ಡೆ ಎಂಥದ್ದೆಂದು ತೆಗೆದ ಮೇಲೇ ಗೊತ್ತಾಗುವುದು ಎಂದು ಡಾಕ್ಟರು ಹೇಳಿದ್ದರು. ನೀನು ಫೋನಿನಲ್ಲಿ, "ಸೊಂಟ ಹಿಡ್ಕೊಂಡಿದೆ ಕಣೇ, ಹಾಸಿಗೆಯಿಂದ ಏಳೋಕಾಗ್ತಿಲ್ಲ, ಇಲ್ದಿದ್ರೆ ನಾನೇ ಬಂದು ಕೂರ್ತಿದ್ದೆ" ಎಂದೆ. ಆಸ್ಪತ್ರೆಯ ಕಾಗದಕ್ಕೆ ಮನೆಯವರ ರುಜು ಬೇಕೆಂದರು. ಕಾಜಾ ಹಾಕುವವಳು ಹಾಕಿದಳು. "ಅಕ್ಕಾ, ಸಂಬಂಧ ಅಂತ ಇದೆ, ಏನ್ ಬರೀಲಿ?" ಎಂದಳು. ನಿನ್ನ ಸೊಂಟದ ಚಿಂತೆಯಲ್ಲಿ ನಾನು ಅವಳ ಕೈಲೇ ಒಂದು ಬಿಸಿನೀರಿನ ಚೀಲ ಕೊಂಡು ಕಳಿಸಿದೆ. ನಿನ್ನ ಮನೆಗೆ ಬೀಗ ಹಾಕಿದೆ ಎಂದು ವಾಪಸು ತಂದಳು. ಪಾಪ, ಡಾಕ್ಟರ ಹತ್ತಿರ ಹೋಗಿರಬೇಕು ಎಂದು ನಾನೇ ಅವಳಿಗೆ ಹೇಳಿದೆ.

ಲೆಕ್ಕ ಮುಗಿಸುತ್ತೇನೆ. ನಿನಗೆ ಸಮುದ್ರ, ಎರಡು ಸಲ. ಲಾಡ್ಜಿನಾಕೆಗೆ ಮೂಲೆ ರೂಮಿನ ಬಾಡಿಗೆ, ಎರಡು ಸಲ. ಗುಮಾಸ್ತೆಗೆ ಹೊಸ ಬಣ್ಣದ ಮನೆ. ನನಗೆ ಬಿಸಿನೀರಿನ ಚೀಲ ಒಂದು, ಇನ್ನೂ ಪ್ಯಾಕೆಟ್ಟು ಒಡೆದಿಲ್ಲ.