ನಾಲ್ಕನೆಯ ಮೂಲೆ

ಅನುಸೂಯಾ,

ನಿನ್ನ ಕೌದಿಯ ನಾಲ್ಕನೆಯ ಮೂಲೆ ಇವತ್ತು ಮುಚ್ಚಿತು. ಹೊಲಿದವಳು ಚಿಂತಾಕಿ ಊರಿನ ಕೌದಿ ಹೊಲಿಯುವ ದಾನಮ್ಮ. ನಾನೇ ಹೊಲಿಯೋಣವೆಂದರೆ ಐಸೈಟ್ ವೀಕ್, ಅದಿರಲಿ. ಮುಚ್ಚುವ ಮುನ್ನ ಅವಳು ಒಳಗೆ ರೊಟ್ಟಿಯ ಚೂರಿಟ್ಟಳು.

"ಕೌದಿ ಹೊಟ್ಟಿ ತುಂಬಿಸಲಾರ್ದ ಮೂಲಿ ಮುಚ್ಚಬಾರ್ದ್ರಿ ಕಾಕಾ. ಕಾಕುಗ ಗೊತ್ತಿತ್ತಲ್ರಿ, ಮತ್ತ ಯಾಕ ಹಂಗ ಬಿಟ್ರು?" ಎಂದಳು.

ಅಂದು ನೀನು ಇಟ್ಟಿದ್ದ ಚೂರನ್ನು ಅಳಿಯನ ಮುಂದೆ ಕಿತ್ತು ಅಂಗಳಕ್ಕೆ ಎಸೆದವನು ನಾನು. ಇರುವೆ ಬರುತ್ತವೆ, ಸೂಪರ್‌ಸ್ಟಿಷನ್ ಎಂದೋ ಏನೋ ಕಾಲೇಜಿನ ಇಂಗ್ಲಿಷ್ ಒದರಿದೆ. ನೀನು ಸೂಜಿಯನ್ನು ಡಬ್ಬಿಯಲ್ಲಿಟ್ಟು ಎದ್ದೆ. ಕೊನೆಯವರೆಗೂ ನೀನು ಆ ತೆರೆದ ಮೂಲೆಯನ್ನು ನಿನ್ನ ಕಡೆಗೇ ಹಾಕಿಕೊಂಡು ಮಲಗಿದೆ.

ದಾನಮ್ಮನಿಗೆ, "ಅವತ್ತು ಮನ್ಯಾಗ ರೊಟ್ಟಿ ಇರಲಿಲ್ಲವ್ವ" ಎಂದೆ.

"ಕಾಕು ಇದ್ದ ಮನ್ಯಾಗ ರೊಟ್ಟಿ ಇರ್ಲಿಲ್ಲೇನ್ರಿ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಹೂಂ ಎಂದೆ.